ಒಂದೇ ಪುಟದಲ್ಲಿ ನಾಲ್ಕು ಸಲ ‘ಗುರುತಿಸಿದ’: ಡಿಸರ್ನ್, ಡಿಸ್ಟಿಂಗ್ವಿಶ್, ರೆಕಗ್ನೈಸ್‌ಗಳನ್ನು ಕನ್ನಡದಲ್ಲಿ ಹೇಗೆ ಹೇಳುವುದು?

ಹಾಳೆಯಂಚು

ಎಲ್ಲರಿಗೂ ನಮಸ್ಕಾರ. ಹಳೆಯ ಇಂಗ್ಲಿಷ್ ಸಮುದ್ರಯಾನದ ಬರಹವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅದರ ಒಂದು ಪ್ಯಾರಾ ಮೂರು ದಿನಗಳಿಂದ ನನ್ನನ್ನು ಮುಂದೆ ಹೋಗಲು ಬಿಟ್ಟಿಲ್ಲ. ನಸುಕಿನ ಮಂಜಿನಲ್ಲಿ ಹಡಗಿನ ಕಟ್ಟೆಯ ಮೇಲೆ ಕಾವಲು ನಿಂತವನೊಬ್ಬ ಎದುರಿನಿಂದ ಬರುತ್ತಿರುವ ಇನ್ನೊಂದು ಹಡಗನ್ನು ಸ್ವಲ್ಪಸ್ವಲ್ಪವಾಗಿ ಕಾಣುವ ಸನ್ನಿವೇಶ ಅದು. ಮೊದಲು ಮಂಜಿನ ಒಂದು ಭಾಗ ಉಳಿದುದಕ್ಕಿಂತ ಕಪ್ಪಾಗಿರುವುದನ್ನು ಅವನು ‘ಪರ್ಸೀವ್’ ಮಾಡುತ್ತಾನೆ. ಆ ಕಪ್ಪಿನೊಳಗೆ ಒಂದು ಆಕಾರವನ್ನು ‘ಡಿಸರ್ನ್’ ಮಾಡುತ್ತಾನೆ. ಪಟಕಂಬಗಳನ್ನು ‘ಮೇಕ್ ಔಟ್’ ಮಾಡುತ್ತಾನೆ. ಅದು ಸರಕಿನ ಹಡಗೇ ಹೊರತು ಯುದ್ಧದ ಹಡಗಲ್ಲವೆಂದು ‘ಡಿಸ್ಟಿಂಗ್ವಿಶ್’ ಮಾಡುತ್ತಾನೆ. ಕೊನೆಗೆ ಹಡಗಿನ ಮೂತಿಯಲ್ಲಿರುವ ಮರದ ಗೊಂಬೆ ಕಣ್ಣಿಗೆ ಬಿದ್ದಾಗ, ತಾನು ಹಿಂದೆ ಎರಡು ವರ್ಷ ದುಡಿದ ಹಡಗೇ ಅದೆಂದು ‘ರೆಕಗ್ನೈಸ್’ ಮಾಡುತ್ತಾನೆ.

ನನ್ನ ಕರಡಿನಲ್ಲಿ ಮೊದಲನೆಯದು ‘ಗ್ರಹಿಸಿದ’ ಎಂದಾಯಿತು, ಉಳಿದ ನಾಲ್ಕೂ ‘ಗುರುತಿಸಿದ’ ಎಂದಾದವು. ಕರಡನ್ನು ಓದಿಕೊಟ್ಟ ಹಿರಿಯರೊಬ್ಬರು ನಾಲ್ಕಕ್ಕೂ ಪೆನ್ಸಿಲಿನಿಂದ ಸುತ್ತು ಹಾಕಿ, ಅಂಚಿನಲ್ಲಿ ‘ಇವನಿಗೆ ಬೇರೆ ಕೆಲಸವಿಲ್ಲವೇ?’ ಎಂದು ಬರೆದಿದ್ದಾರೆ. ನಕ್ಕೆ, ಆದರೆ ಉತ್ತರ ಹೊಳೆಯಲಿಲ್ಲ. ನಿಘಂಟು ತೆರೆದರೆ ಐದು ಪದಗಳ ಎದುರಿಗೂ ಅವೇ ನಾಲ್ಕು ಅರ್ಥಗಳು, ಸಾಲು ಮಾತ್ರ ಹಿಂದೆಮುಂದೆ. ಇಂಗ್ಲಿಷಿನವರಿಗೆ ಈ ಐದರ ನಡುವೆ ನಿಜವಾಗಿಯೂ ಬೇರೆಬೇರೆ ಛಾಯೆ ಇದೆಯೇ, ಅಥವಾ ಪುನರುಕ್ತಿ ತಪ್ಪಿಸಲು ಮಾಡಿದ ಬರಿಯ ಅಲಂಕಾರವೇ? ಛಾಯೆ ಇದ್ದರೆ ಅದನ್ನು ಕನ್ನಡದಲ್ಲಿ ಎಲ್ಲಿ ಇಡಬೇಕು?

ಹಳೇ ಮೇಷ್ಟ್ರು

ಛಾಯೆ ಖಂಡಿತ ಇದೆ. ಮೂವತ್ತು ವರ್ಷ ಪಿಯುಸಿ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಟ್ಟವನು ನಾನು. ಈ ಪದಗಳನ್ನು ‘ಸಮಾನಾರ್ಥಕ’ ಎಂಬ ಒಂದೇ ಡಬ್ಬಿಗೆ ಹಾಕಿ ಕಲಿಸಿದ ಪಾಪದಲ್ಲಿ ನನ್ನ ಪಾಲೂ ಇದೆ.

‘ಡಿಸರ್ನ್’ನಿಂದ ಆರಂಭಿಸುತ್ತೇನೆ. ಲ್ಯಾಟಿನ್ನಿನಲ್ಲಿ ‘ಕೆರ್ನೆರೆ’ ಎಂದರೆ ಜರಡಿ ಹಿಡಿಯುವುದು, ‘ಡಿಸ್’ ಎಂದರೆ ಬೇರೆಬೇರೆಯಾಗಿ. ಅಂದರೆ ಒಂದರೊಳಗೆ ಒಂದು ಬೆರೆತುಹೋಗಿರುವುದನ್ನು ಜರಡಿಯಾಡಿಸಿ ಬೇರೆ ಮಾಡುವುದು ಆ ಪದದ ಹುಟ್ಟಿನ ಚಿತ್ರ. ಆದ್ದರಿಂದಲೇ ಇಂದಿಗೂ ಇಂಗ್ಲಿಷಿನವರು ಸ್ಪಷ್ಟವಾಗಿ ಎದುರಿಗೆ ನಿಂತಿರುವ ಎಮ್ಮೆಯನ್ನು ‘ಡಿಸರ್ನ್’ ಮಾಡುವುದಿಲ್ಲ. ಅದನ್ನು ಸುಮ್ಮನೆ ನೋಡುತ್ತಾರೆ. ‘ಡಿಸರ್ನ್’ ಮಾಡಬೇಕಾದರೆ ವಸ್ತು ಮಸುಕಾಗಿರಬೇಕು, ಇಲ್ಲವೇ ಮರೆಯಾಗಿರಬೇಕು: ಮಂಜಿನೊಳಗಿನ ಆಕಾರ, ಮಾತಿನ ಹಿಂದಿನ ಉದ್ದೇಶ, ಅಂಕಿಗಳ ರಾಶಿಯಲ್ಲಿರುವ ಒಂದು ಕ್ರಮ. 1611ರ ಇಂಗ್ಲಿಷ್ ಬೈಬಲಿನಲ್ಲಿ ಸೊಲೊಮೋನನು ದೇವರಲ್ಲಿ ಬೇಡುವುದು ಒಳ್ಳೆಯದು ಕೆಟ್ಟದ್ದರ ನಡುವೆ ‘ಡಿಸರ್ನ್’ ಮಾಡಬಲ್ಲ ಹೃದಯವನ್ನು. ಅದೇ ಬೈಬಲಿನ ಯೋನನ ಕಥೆಯ ಕೊನೆಯಲ್ಲಿ, ತಮ್ಮ ಬಲಗೈಗೂ ಎಡಗೈಗೂ ಭೇದವನ್ನು ‘ಡಿಸರ್ನ್’ ಮಾಡಲಾರದ 1,20,000ಕ್ಕೂ ಹೆಚ್ಚು ಜನ ನಿನೆವೆಯಲ್ಲಿದ್ದಾರೆ ಎಂಬ ಮಾತು ಬರುತ್ತದೆ. ಮೊದಲನೆಯದು ಮನಸ್ಸಿನ ಕೆಲಸ, ಎರಡನೆಯದು ತೀರ ಪ್ರಾಥಮಿಕವಾದ ತಿಳಿವಳಿಕೆ. ಎರಡರಲ್ಲಿಯೂ ಜರಡಿ ಇದೆ.

‘ಪರ್ಸೀವ್’ ಹಿಡಿಯುವ ಪದ. ‘ಕಾಪೆರೆ’ ಎಂದರೆ ಹಿಡಿ, ‘ಪೆರ್’ ಎಂದರೆ ಪೂರ್ತಿಯಾಗಿ. ನಿಮ್ಮ ‘ಗ್ರಹಿಸಿದ’ ಇಲ್ಲಿ ತಕ್ಕುದೇ ಆಗಿದೆ, ಏಕೆಂದರೆ ಸಂಸ್ಕೃತದ ‘ಗ್ರಹ್’ ಕೂಡ ಹಿಡಿಯುವುದೇ. ‘ಡಿಟೆಕ್ಟ್’ನಲ್ಲಿ ಮುಚ್ಚಳ ತೆಗೆಯುವ ಚಿತ್ರವಿದೆ: ‘ತೆಗೆರೆ’ ಎಂದರೆ ಹೊದಿಸು, ಅದನ್ನು ತೆಗೆದುಹಾಕುವುದು ‘ಡಿಟೆಕ್ಟ್’. ಹಾಗಾಗಿ ಕಳ್ಳತನ, ಕಲಬೆರಕೆ, ಅನಿಲದ ಸೋರಿಕೆ, ದನಿಯಲ್ಲಿ ಅಡಗಿದ ವ್ಯಂಗ್ಯ ಇವೆಲ್ಲ ‘ಡಿಟೆಕ್ಟ್’ ಆಗುತ್ತವೆ. ‘ರೆಕಗ್ನೈಸ್’ ಎಂದರೆ ಮೊದಲೇ ತಿಳಿದಿದ್ದುದನ್ನು ಮತ್ತೆ ತಿಳಿಯುವುದು. ನಿಮ್ಮ ಕಾವಲುಗಾರ ಆ ಹಡಗಿನಲ್ಲಿ ದುಡಿದಿರದಿದ್ದರೆ ಅಲ್ಲಿ ಆ ಪದ ಬರುತ್ತಲೇ ಇರಲಿಲ್ಲ.

‘ನೋಟಿಸ್’ ಎಂಬ ಕ್ರಿಯಾಪದಕ್ಕೆ ಒಂದು ತಮಾಷೆಯ ಚರಿತ್ರೆ ಇದೆ. 1789ರ ಡಿಸೆಂಬರಿನಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ನಿಘಂಟುಕಾರ ನೋವಾ ವೆಬ್‌ಸ್ಟರನಿಗೆ ಪತ್ರ ಬರೆದು, ತಾನು ಫ್ರಾನ್ಸಿನಲ್ಲಿದ್ದ ಕಾಲದಲ್ಲಿ ಅಮೆರಿಕದ ಇಂಗ್ಲಿಷಿಗೆ ನುಗ್ಗಿದ ಪದಗಳಲ್ಲಿ ಇದೂ ಒಂದೆಂದು ದೂರಿದ್ದ. ನಾಮಪದವನ್ನು ಕ್ರಿಯಾಪದ ಮಾಡುವುದು ಅವನಿಗೆ ಸಹಿಸಲಿಲ್ಲ. ಇಂದು ಆ ಪದವಿಲ್ಲದೆ ಇಂಗ್ಲಿಷಿನವರಿಗೆ ದಿನ ಕಳೆಯುವುದು ಕಷ್ಟ. ನಾವೂ ‘ಗಮನ’ಕ್ಕೆ ‘ಇಸು’ ಹಚ್ಚಿಕೊಂಡು ಬದುಕಿದ್ದೇವೆ.

ಒಪ್ಪದವ

ಮೇಷ್ಟ್ರ ಮೇಲೆ ಗೌರವವಿಟ್ಟುಕೊಂಡೇ ಒಂದು ತಕರಾರು. ಪದದ ಹುಟ್ಟು ಪದದ ಅರ್ಥವಲ್ಲ. ‘ನೈಸ್’ ಎಂಬುದರ ಮೂಲದಲ್ಲಿ ‘ತಿಳಿಗೇಡಿ’ ಎಂಬ ಅರ್ಥವಿತ್ತು. ಹಾಗೆಂದು ಯಾರಾದರೂ ನಮ್ಮನ್ನು ‘ನೈಸ್’ ಎಂದರೆ ನಾವು ಜಗಳಕ್ಕೆ ಹೋಗುವುದಿಲ್ಲ. ಸಂಸ್ಕೃತದಲ್ಲಿ ‘ಅವಾಂತರ’ ಎಂದರೆ ನಡುವಿನದು, ಒಳಗಿನದು ಎಂದಷ್ಟೇ. ಕನ್ನಡದಲ್ಲಿ ಅವಾಂತರವಾಯಿತು ಎಂದರೆ ಏನೆಂದು ಅಡುಗೆಮನೆಯಲ್ಲಿ ಹಾಲು ಉಕ್ಕಿಸಿದವರನ್ನು ಕೇಳಿ. ಇಂಗ್ಲಿಷ್ ಓದುವ ಸಾಮಾನ್ಯನಿಗೆ ‘ಡಿಸರ್ನ್’ ಎಂದಾಗ ಜರಡಿ ನೆನಪಾಗುವುದಿಲ್ಲ. ಆದ್ದರಿಂದ ಜರಡಿಯನ್ನು ಅನುವಾದಕ್ಕೆ ತರಬೇಕೆಂಬ ವಾದ ನನಗೆ ಒಪ್ಪಿಗೆಯಿಲ್ಲ.

ಹಳೇ ಮೇಷ್ಟ್ರು

ತಕರಾರು ನ್ಯಾಯವಾದದ್ದು. ಜರಡಿಯನ್ನು ಅನುವಾದಕ್ಕೆ ತನ್ನಿ ಎಂದು ನಾನು ಹೇಳುತ್ತಿಲ್ಲ. ಆ ಪದದ ಜೊತೆ ಯಾವ ಯಾವ ಕರ್ಮಪದಗಳು ಬರುತ್ತವೆ, ಯಾವುವು ಬರುವುದಿಲ್ಲ ಎಂಬುದನ್ನು ನೆನಪಿಟ್ಟುಕೊಳ್ಳಲು ಜರಡಿ ಅನುಕೂಲ, ಅಷ್ಟೇ. ಎದುರಿಗಿರುವ ಎಮ್ಮೆಯನ್ನು ಏಕೆ ‘ಡಿಸರ್ನ್’ ಮಾಡಬಾರದು ಎಂದು ಒಬ್ಬ ಹುಡುಗ ಕೇಳಿದರೆ, ‘ರೂಢಿಯಿಲ್ಲ’ ಎನ್ನುವುದಕ್ಕಿಂತ ‘ಎಮ್ಮೆ ಒಂದೇ ಇರುವಾಗ ಜರಡಿ ಏಕೆ?’ ಎನ್ನುವುದು ಅವನ ತಲೆಯಲ್ಲಿ ಉಳಿಯುತ್ತದೆ.

ಮೊರದ ಮಗಳು

ಮೇಷ್ಟ್ರು ಜರಡಿ ಎಂದಾಗ ನನಗೆ ‘ವಿವೇಕ’ ನೆನಪಾಯಿತು. ಸಂಸ್ಕೃತದಲ್ಲಿ ‘ವಿ’ ಸೇರಿದ ‘ವಿಚ್’ ಧಾತುವಿಗೆ ಬೇರ್ಪಡಿಸು ಎಂಬ ಅರ್ಥವಿದೆ. ಅದರಲ್ಲಿಯೂ ಧಾನ್ಯವನ್ನು ತೂರಿ ಹೊಟ್ಟಿನಿಂದ ಬೇರೆ ಮಾಡು ಎಂಬ ಅರ್ಥವನ್ನು ಸಂಸ್ಕೃತ ನಿಘಂಟುಗಳು ಕೊಡುತ್ತವೆ. ವಿವೇಕ, ವಿವೇಚನೆ ಎರಡೂ ಅಲ್ಲಿಂದಲೇ ಬಂದವು. ಅಂದರೆ ರೋಮಿನವರೂ ನಮ್ಮವರೂ ಕಣದಲ್ಲಿ ನಿಂತೇ ಬುದ್ಧಿಗೆ ಹೆಸರಿಟ್ಟಿದ್ದಾರೆ.

ನಮ್ಮ ಮನೆಯಲ್ಲಿ ಅಮ್ಮ ಅಕ್ಕಿ ಹಸನು ಮಾಡುವುದನ್ನು ನೋಡಿ ಬೆಳೆದವಳು ನಾನು. ಈ ಒಂದು ಕೆಲಸಕ್ಕೆ ಅವರ ಬಾಯಲ್ಲಿ ಒಂದೇ ಕ್ರಿಯಾಪದ ಇರಲಿಲ್ಲ. ಗಾಳಿಗೆ ಹಿಡಿದು ಹೊಟ್ಟು ಹಾರಿಸಿದರೆ ತೂರುವುದು. ಮೊರದಲ್ಲಿ ಹಾಕಿ ಮೇಲಕ್ಕೆ ಚಿಮ್ಮಿಸಿ ತವುಡನ್ನು ಮೊರದ ಬಾಯಿಗೆ ತಂದರೆ ಕೇರುವುದು. ಒಂದರಿಯಲ್ಲಿ ಗುಂಡಗೆ ತಿರುಗಿಸಿ ನುಚ್ಚನ್ನು ಕೆಳಗಿಳಿಸಿದರೆ ಒಂದರಿ ಆಡುವುದು. ಕೊನೆಗೆ ಬಾಗಿಲ ಬೆಳಕಿಗೆ ಕೂತು, ಬಿಳಿಯ ಅಕ್ಕಿಯ ನಡುವಿನ ಬಿಳಿಯ ಕಲ್ಲನ್ನು ಬೆರಳ ತುದಿಯಿಂದ ತೆಗೆದರೆ ಆರಿಸುವುದು. ಬಿಳಿಯ ಕಲ್ಲು ಕಣ್ಣಿಗಿಂತ ಮೊದಲು ಬೆರಳಿಗೆ ಸಿಗುತ್ತದೆ ಎಂದು ಅವರು ಹೇಳುತ್ತಿದ್ದರು. ಮೊದಲ ಮೂರು ಕೆಲಸಗಳಲ್ಲಿ ತೂಕ, ಗಾತ್ರಗಳೇ ಬೇರ್ಪಡಿಸುತ್ತವೆ. ನಾಲ್ಕನೆಯದರಲ್ಲಿ ಮಾತ್ರ ಒಂದೊಂದನ್ನೂ ನೋಡಿ ತೀರ್ಮಾನಿಸಬೇಕು. ‘ಡಿಸ್ಟಿಂಗ್ವಿಶ್’ ಮತ್ತು ‘ಡಿಸರ್ನ್’ ನಡುವಿನ ಅಂತರಕ್ಕೆ ಇದು ಹೊಂದುತ್ತದೆಯೋ ಇಲ್ಲವೋ ಮೇಷ್ಟ್ರೇ ಹೇಳಬೇಕು. ‘ವಿಚ್’ ಮತ್ತು ‘ಕೆರ್ನೆರೆ’ ಒಂದೇ ಧಾತುವಿನಿಂದ ಬಂದವೇ ಎಂಬುದನ್ನೂ ತಿಳಿಸಿ.

ಹಳೇ ಮೇಷ್ಟ್ರು

ಒಂದೇ ಧಾತು ಅಲ್ಲ, ತಾಯಿ. ಚಿತ್ರ ಮಾತ್ರ ಒಂದೇ. ‘ಕೆರ್ನೆರೆ’ಯ ನಂಟರು ಗ್ರೀಕಿನ ಕಡೆಯವರು, ‘ಕ್ರಿಟಿಕ್’, ‘ಕ್ರೈಸಿಸ್’ ಎಂಬ ಪದಗಳು ಆ ಕುಲದವು. ಇಂಗ್ಲಿಷಿನ ‘ಸರ್ಟನ್’, ‘ಸೀಕ್ರೆಟ್’ ಕೂಡ ‘ಕೆರ್ನೆರೆ’ಯ ಮಕ್ಕಳೇ. ಬೇರೆ ಮಾಡಿ ಮುಗಿದದ್ದು ಖಚಿತ, ಬೇರೆಯಾಗಿ ಇಟ್ಟದ್ದು ಗುಟ್ಟು.

ಅಮ್ಮನವರ ಮೊರದಿಂದ ಹೊರಟ ಅಂತರ ಚೆನ್ನಾಗಿ ಹೊಂದುತ್ತದೆ, ಆದರೆ ಸ್ವಲ್ಪ ತಿರುವಿಕೊಳ್ಳಬೇಕು. ‘ಡಿಸ್ಟಿಂಗ್ವಿಶ್’ಗೆ ಎರಡು ವಸ್ತು ಬೇಕು, ಅವುಗಳನ್ನು ಬೇರೆ ಮಾಡುವ ಒಂದು ಗುರುತೂ ಬೇಕು. ಊರ ಕಾಗೆಯನ್ನು ಕಾಡು ಕಾಗೆಯಿಂದ ‘ಡಿಸ್ಟಿಂಗ್ವಿಶ್’ ಮಾಡುವುದು ಕತ್ತಿನ ಬೂದು ಬಣ್ಣ. ಗಮನಿಸಿ, ಇಲ್ಲಿ ಕರ್ತೃವಿನ ಸ್ಥಾನದಲ್ಲಿ ಆ ಬಣ್ಣವೇ ಬಂದು ಕೂರಬಹುದು. ಬೂದು ಬಣ್ಣ ಕಾಗೆಯನ್ನು ‘ಡಿಸರ್ನ್’ ಮಾಡುತ್ತದೆ ಎನ್ನಲು ಮಾತ್ರ ಬರುವುದಿಲ್ಲ, ಏಕೆಂದರೆ ‘ಡಿಸರ್ನ್’ ಮಾಡಲು ಒಂದು ಮನಸ್ಸು ಬೇಕು. ಇದೊಂದೇ ಪರೀಕ್ಷೆಯಿಂದ ಎರಡೂ ಪದಗಳನ್ನು ಬೇರೆ ಮಾಡಬಹುದು.

‘ಟೆಲ್ ಅಪಾರ್ಟ್’ ಎನ್ನುವುದೂ ಇದೇ ಮನೆಯ ಮಾತು, ಅಡುಗೆಮನೆಯ ಬಾಗಿಲಿನಿಂದ ಬಂದದ್ದು. ‘ಟೆಲ್’ಗೆ ಹಳೆಯ ಇಂಗ್ಲಿಷಿನಲ್ಲಿ ಎಣಿಸು ಎಂಬ ಅರ್ಥವಿತ್ತು. ಬ್ಯಾಂಕಿನಲ್ಲಿ ಹಣ ಎಣಿಸುವವನು ‘ಟೆಲ್ಲರ್’ ಆದದ್ದು ಹಾಗೆ.

ಕುಂದಾಪ್ರದವ

ಎಣಿಸುವ ಮಾತು ಬಂದದ್ದರಿಂದ ನಾನೂ ಬಾಯಿ ಹಾಕುತ್ತೇನೆ. ನಮ್ಮ ಕರಾವಳಿಯಲ್ಲಿ ‘ಎಣಿಸು’ ಎಂದರೆ ಲೆಕ್ಕ ಮಾಡುವುದೂ ಹೌದು, ಅಂದುಕೊಳ್ಳುವುದೂ ಹೌದು. ‘ನೀವು ಬರುತ್ತೀರಿ ಎಂದು ಎಣಿಸಿರಲಿಲ್ಲ’ ಎಂದರೆ ಯಾರೂ ಬೆರಳು ಮಡಚಿ ಲೆಕ್ಕ ಹಾಕಿರುವುದಿಲ್ಲ. ‘ಡಿಸ್ಟಿಂಗ್ವಿಶ್ಡ್ ಗೆಸ್ಟ್’ ಎನ್ನುವಲ್ಲಿ ನಾವು ಬಳಸುವ ‘ಗಣ್ಯ’ ಕೂಡ ಎಣಿಕೆಯ ಪದವೇ ಅಲ್ಲವೇ? ಲೆಕ್ಕಕ್ಕೆ ಬರುವವರು ಗಣ್ಯರು, ಬಾರದ್ದು ನಗಣ್ಯ.

ಕ್ಯಾಮೆರಾ ಕಣ್ಣು

ನಾನು ಭಾಷೆಯವನಲ್ಲ. ಕಾವಲು ಕ್ಯಾಮೆರಾಗಳನ್ನು ಅಳವಡಿಸುವ ಎಂಜಿನಿಯರು. ಇಷ್ಟು ಓದಿದ ಮೇಲೆ ಹೇಳದೆ ಇರಲಾರೆ: ನೀವು ಛಾಯೆ ಎನ್ನುತ್ತಿರುವುದಕ್ಕೆ ನಮ್ಮಲ್ಲಿ ಅಳತೆ ಇದೆ.

1958ರಲ್ಲಿ ಅಮೆರಿಕದ ಸೇನೆಯ ವಿಜ್ಞಾನಿ ಜಾನ್ ಜಾನ್ಸನ್ ರಾತ್ರಿ ನೋಡುವ ಉಪಕರಣಗಳಿಗಾಗಿ ಒಂದು ಮಾನದಂಡವನ್ನು ಮುಂದಿಟ್ಟರು. ವಸ್ತುವಿನ ಕಿರಿದಾದ ಅಳತೆಯ ಅಡ್ಡಕ್ಕೆ ಎಷ್ಟು ಜೋಡಿ ಕಪ್ಪುಬಿಳಿ ಗೆರೆಗಳು ಬೇರೆಬೇರೆಯಾಗಿ ಕಾಣುವಷ್ಟು ಸೂಕ್ಷ್ಮತೆ ಉಪಕರಣಕ್ಕಿದೆ ಎಂಬುದರ ಮೇಲೆ ಆ ಲೆಕ್ಕ ನಿಂತಿದೆ. ‘ಡಿಟೆಕ್ಷನ್’ಗೆ, ಅಂದರೆ ಏನೋ ಇದೆ ಎನ್ನಲು, ಸುಮಾರು 1 ಜೋಡಿ ಸಾಕು. ಅದು ಯಾವ ಕಡೆಗೆ ವಾಲಿಕೊಂಡಿದೆ ಎನ್ನಲು 1.4 ಜೋಡಿ ಬೇಕು. ‘ರೆಕಗ್ನಿಷನ್’ಗೆ, ಅಂದರೆ ಮನುಷ್ಯನೋ ವಾಹನವೋ ಎನ್ನಲು, 4 ಜೋಡಿ. ‘ಐಡೆಂಟಿಫಿಕೇಷನ್’ಗೆ, ಅಂದರೆ ಯಾವ ಬಗೆಯ ವಾಹನ ಎನ್ನಲು, 6.4 ಜೋಡಿ. ಅಷ್ಟು ಸಿಕ್ಕಿದರೂ ನೋಡುವವನು ಸರಿಯಾಗಿ ಹೇಳುವ ಸಂಭವ ಅರ್ಧಕ್ಕರ್ಧ ಮಾತ್ರ.

ಕಾವಲು ಕ್ಯಾಮೆರಾಗಳ ಅಂತರರಾಷ್ಟ್ರೀಯ ಮಾನಕದ 2014ರ ಆವೃತ್ತಿಯಲ್ಲಿಯೂ ಇದೇ ಕ್ರಿಯಾಪದಗಳಿದ್ದವು. ಪ್ರತಿ ಮೀಟರಿಗೆ 25 ಪಿಕ್ಸೆಲ್ ಇದ್ದರೆ ‘ಡಿಟೆಕ್ಟ್’, 62.5 ಇದ್ದರೆ ‘ಅಬ್ಸರ್ವ್’, 125 ಇದ್ದರೆ ‘ರೆಕಗ್ನೈಸ್’, 250 ಇದ್ದರೆ ‘ಐಡೆಂಟಿಫೈ’. ಮನುಷ್ಯನ ಮುಖದ ಅಗಲ 16 ಸೆಂಟಿಮೀಟರ್ ಎಂದು ಹಿಡಿದರೆ ಮೊದಲನೆಯದರಲ್ಲಿ ಮುಖಕ್ಕೆ ಸಿಗುವುದು 4 ಚುಕ್ಕೆ, ಕೊನೆಯದರಲ್ಲಿ 40. ನಾಲ್ಕು ಚುಕ್ಕೆಯಲ್ಲಿ ಗೇಟಿನ ಬಳಿ ಏನೋ ಅಲುಗಾಡಿದ್ದು ತಿಳಿಯುತ್ತದೆ. ನಲವತ್ತರಲ್ಲಿ, ಆತನನ್ನು ಹಿಂದೆಂದೂ ಕಂಡಿರದ ಪೊಲೀಸಿನವರೂ ‘ಇವನೇ’ ಎನ್ನಬಹುದು. ನಡುವಿನ 125ರಲ್ಲಿ ಪರಿಚಯವಿದ್ದವರು ಮಾತ್ರ ನಡಿಗೆ, ಮೈಕಟ್ಟು ನೋಡಿ ‘ಇವನು ನಮ್ಮ ಹಿಂದಿನ ಬೀದಿಯವನು’ ಎನ್ನುತ್ತಾರೆ. ಮೇಷ್ಟ್ರು ಹೇಳಿದ ‘ಮತ್ತೆ ತಿಳಿಯುವುದು’ ಇಲ್ಲಿ ಅಂಕಿಯಾಗಿ ಕೂತಿದೆ.

ಒಮ್ಮೆ ನಮ್ಮ ಕೈಗೆ ಬಂದ ಕೈಪಿಡಿಯೊಂದರ ಕನ್ನಡ ಪ್ರತಿಯಲ್ಲಿ ಕೊನೆಯ ಎರಡಕ್ಕೂ ‘ಗುರುತಿಸುವಿಕೆ’ ಎಂದೇ ಅಚ್ಚಾಗಿತ್ತು. ಗಿರಾಕಿಯೊಬ್ಬರು 125ರ ಕ್ಯಾಮೆರಾ ಹಾಕಿಸಿಕೊಂಡರು. ಕಳ್ಳತನವಾದ ಮೇಲೆ ‘ಗುರುತಿಸುತ್ತದೆ ಎಂದು ಬರೆದಿದ್ದೀರಲ್ಲ, ಎಲ್ಲಿ ಗುರುತು?’ ಎಂದು ಜಗಳಕ್ಕೆ ಬಂದರು. ಅವರದು ತಪ್ಪೆನ್ನಲು ನನಗೆ ಬಾಯಿ ಬರಲಿಲ್ಲ. ಅಂದಿನಿಂದ ನಾನು ‘ಇರವು ಪತ್ತೆ’, ‘ಪರಿಚಿತರ ಗುರುತು’, ‘ವ್ಯಕ್ತಿಯ ಖಚಿತ ಗುರುತು’ ಎಂದು ಬಾಯಲ್ಲಿ ಬಿಡಿಸಿ ಹೇಳುತ್ತೇನೆ.

ತರ್ಕದಂಗಡಿ

ಎಂಜಿನಿಯರ್ ಅವರ ಮೊದಲ ಮತ್ತು ಮೂರನೆಯ ಮೆಟ್ಟಿಲುಗಳನ್ನು ನಮ್ಮ ನ್ಯಾಯದರ್ಶನ ಬಹಳ ಹಿಂದೆಯೇ ಬಳಸಿದೆ. ‘ಏನೋ ಇದೆ’ ಎಂಬಷ್ಟೇ ಆದ ಅರಿವು ನಿರ್ವಿಕಲ್ಪಕ ಪ್ರತ್ಯಕ್ಷ. ‘ಇದು ಇಂಥದು’ ಎಂಬ ಅರಿವು ಸವಿಕಲ್ಪಕ ಪ್ರತ್ಯಕ್ಷ. ನಡುವೆ ಸಂಶಯ ಬರುತ್ತದೆ. ಅದಕ್ಕೆ ತರ್ಕಶಾಸ್ತ್ರದವರು ಕೊಡುವ ಮಾಮೂಲು ಉದಾಹರಣೆ ಮಬ್ಬು ಬೆಳಕಿನಲ್ಲಿ ದೂರದಲ್ಲಿ ನಿಂತಿರುವ ಏನೋ ಒಂದು, ‘ಸ್ಥಾಣುವೋ ಪುರುಷನೋ’, ಅಂದರೆ ಬೋಳು ಮರದ ಮೋಟೋ, ಮನುಷ್ಯನೋ. ಕೈಕಾಲು ಕಂಡ ಮೇಲೆ ನಿಶ್ಚಯ. ‘ಇವನೇ ಆ ದೇವದತ್ತ’ ಎಂಬ ಅರಿವಿಗೆ ಬೇರೆಯೇ ಹೆಸರು, ಪ್ರತ್ಯಭಿಜ್ಞೆ. ಹಾಳೆಯಂಚು ಅವರ ಕಾವಲುಗಾರ ಕಡಲಿನಲ್ಲಿ ನಿಂತು ಮಾಡುತ್ತಿರುವುದು ಇದನ್ನೇ. ಆದರೆ ಪಾಪದ ನಾವಿಕನ ಬಾಯಿಗೆ ‘ಪ್ರತ್ಯಭಿಜ್ಞೆ’ಯನ್ನು ತುರುಕಬೇಡಿ ಎಂದು ಈಗಲೇ ಬೇಡಿಕೊಳ್ಳುತ್ತೇನೆ.

ಕರಿಕೋಟು

‘ಡಿಸ್ಕ್ರಿಮಿನೇಟ್’ ಬಗ್ಗೆ ಯಾರೂ ಮಾತಾಡಿಲ್ಲವಾದ್ದರಿಂದ ವಕೀಲೆಯಾಗಿ ಎರಡು ಮಾತು. ನಮ್ಮ ಸಂವಿಧಾನದ 15ನೆಯ ವಿಧಿ ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಸ್ಥಳ ಇವುಗಳ ಕಾರಣಕ್ಕಾಗಿಯೇ ಯಾವ ಪೌರನನ್ನೂ ‘ಡಿಸ್ಕ್ರಿಮಿನೇಟ್’ ಮಾಡಕೂಡದೆನ್ನುತ್ತದೆ. ಆದರೆ 14ನೆಯ ವಿಧಿಯ ಸಮಾನತೆ ಎಂದರೆ ಎಲ್ಲರನ್ನೂ ಒಂದೇ ಅಚ್ಚಿಗೆ ಹಾಕುವುದಲ್ಲ. ವರ್ಗೀಕರಣ ಮಾಡಬಹುದು, ಆದರೆ ಒಳಗಿರುವವರನ್ನು ಹೊರಗಿರುವವರಿಂದ ಬೇರೆ ಮಾಡುವ, ಬುದ್ಧಿಗೆ ಎಟುಕುವ ವ್ಯತ್ಯಾಸವೊಂದು ಇರಬೇಕು, ಆ ವ್ಯತ್ಯಾಸಕ್ಕೂ ಕಾನೂನಿನ ಉದ್ದೇಶಕ್ಕೂ ಸಮಂಜಸವಾದ ಸಂಬಂಧವಿರಬೇಕು. 1952ರ ಅನ್ವರ್ ಅಲಿ ಸರ್ಕಾರ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಪಶ್ಚಿಮ ಬಂಗಾಳದ ವಿಶೇಷ ನ್ಯಾಯಾಲಯಗಳ ಕಾನೂನನ್ನು ಪರಿಶೀಲಿಸುವಾಗ ಈ ಪರೀಕ್ಷೆಯನ್ನು ಚರ್ಚಿಸಿತು. ‘ಡಿಫರೆನ್ಷಿಯೇಟ್’ ಮಾಡಬಹುದು, ‘ಡಿಸ್ಕ್ರಿಮಿನೇಟ್’ ಮಾಡಬಾರದು ಎಂಬುದು ಇದರ ಸಾರ. ಇಂಗ್ಲಿಷ್ ಕ್ರಿಯಾಪದಗಳ ಛಾಯೆಯ ಮೇಲೆ ಮನುಷ್ಯರ ಹಕ್ಕುಗಳೇ ನಿಂತಿರುವ ಉದಾಹರಣೆ ಇದು.

ನ್ಯಾಯಾಲಯದೊಳಗೆ ‘ಡಿಸ್ಟಿಂಗ್ವಿಶ್’ಗೆ ಇನ್ನೊಂದು ಅರ್ಥವೂ ಇದೆ. ಎದುರಾಳಿ ಹಳೆಯ ತೀರ್ಪೊಂದನ್ನು ಮುಂದಿಟ್ಟಾಗ, ಆ ಪ್ರಕರಣದ ಸಂಗತಿಗಳೇ ಬೇರೆ, ಆದ್ದರಿಂದ ಅದು ನಮಗೆ ಅನ್ವಯಿಸದು ಎಂದು ತೋರಿಸುವುದೇ ಆ ತೀರ್ಪನ್ನು ‘ಡಿಸ್ಟಿಂಗ್ವಿಶ್’ ಮಾಡುವುದು. ನಾವು ಕನ್ನಡದಲ್ಲಿ ಮಾತಾಡುವಾಗಲೂ ‘ಡಿಸ್ಟಿಂಗ್ವಿಶ್ ಮಾಡಿದರು’ ಎಂದೇ ಹೇಳುತ್ತೇವೆ. ಅದಕ್ಕೆ ಕನ್ನಡ ಹುಡುಕುವ ಆತುರ ನನಗಿಲ್ಲ.

ಹಳೇ ಮೇಷ್ಟ್ರು

ವಕೀಲೆ ಅವರು ಎತ್ತಿದ ಪದ ‘ಡಿಸರ್ನ್’ನ ಒಡಹುಟ್ಟು, ಅದೂ ‘ಕೆರ್ನೆರೆ’ಯಿಂದಲೇ ಬಂದದ್ದು. ಬಹುಕಾಲ ಅದಕ್ಕೆ ಸೂಕ್ಷ್ಮವಾಗಿ ಭೇದ ಮಾಡು ಎಂಬ ನಿರ್ದೋಷವಾದ ಅರ್ಥವಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕದಲ್ಲಿ ಕರಿಯರನ್ನು ನಡೆಸಿಕೊಂಡ ರೀತಿಯ ಸಂದರ್ಭದಲ್ಲಿ ‘ಅಗೇನ್ಸ್ಟ್’ ಎಂಬ ಬಾಲ ಸೇರಿ ಪದಕ್ಕೆ ಕಳಂಕ ಅಂಟಿತು. ಪ್ರಯೋಗಶಾಲೆಯಲ್ಲಿ ಮಾತ್ರ ಅದು ಇಂದಿಗೂ ಸಜ್ಜನ. ಕೈಯಲ್ಲಿರುವ ಎರಡು ತೂಕಗಳ ಅಂತರ ತಿಳಿಯಬೇಕಾದರೆ ಆ ಅಂತರ ಮೂಲ ತೂಕದ ಇಂತಿಷ್ಟು ಪಾಲು ಇರಬೇಕೆಂದು ಜರ್ಮನಿಯ ವೇಬರ್ 1834ರಲ್ಲಿ ತೋರಿಸಿದ. ಆ ಸಾಮರ್ಥ್ಯವನ್ನು ಮನಶ್ಶಾಸ್ತ್ರದವರು ‘ಡಿಸ್ಕ್ರಿಮಿನೇಷನ್’ ಎಂದೇ ಕರೆಯುತ್ತಾರೆ.

ಕನ್ನಡದ ‘ತಾರತಮ್ಯ’ಕ್ಕೂ ಇದೇ ಗತಿ ಬಂದಿದೆ. ಸಂಸ್ಕೃತ ವ್ಯಾಕರಣದಲ್ಲಿ ಎರಡರಲ್ಲಿ ಹೆಚ್ಚಿನದಕ್ಕೆ ‘ತರ’, ಎಲ್ಲಕ್ಕಿಂತ ಹೆಚ್ಚಿನದಕ್ಕೆ ‘ತಮ’ ಪ್ರತ್ಯಯ. ಅವೆರಡೂ ಕೂಡಿ ತಾರತಮ್ಯ. ದ್ವೈತ ಸಿದ್ಧಾಂತದಲ್ಲಿ ಜೀವರ ಯೋಗ್ಯತೆಯ ಶ್ರೇಣಿಗೆ ಅದು ಗೌರವದ ಪಾರಿಭಾಷಿಕ ಪದ. ಪತ್ರಿಕೆಯ ಶೀರ್ಷಿಕೆಯಲ್ಲಿ ಅದೇ ಪದ ಅನ್ಯಾಯದ ಹೆಸರು. ಮಠದಿಂದ ಬಂದು ಪತ್ರಿಕೆ ತೆರೆದವರಿಗೆ ಎರಡೂ ಅರ್ಥಗಳು ಒಂದೇ ಬೆಳಗಿನಲ್ಲಿ ಸಿಗುತ್ತವೆ.

ಒಪ್ಪದವ

ಎಲ್ಲವೂ ಸ್ವಾರಸ್ಯವಾಗಿದೆ. ಆದರೆ ಹಾಳೆಯಂಚು ಅವರು ಕೇಳಿದ್ದು ಬೇರೆ: ಆ ಛಾಯೆಗಳನ್ನು ಕನ್ನಡದಲ್ಲಿ ಎಲ್ಲಿ ಇಡಬೇಕು ಎಂದು. ನಾವು ಐದು ಇಂಗ್ಲಿಷ್ ಪದಗಳಿಗೆ ಐದು ಕನ್ನಡ ಪದಗಳನ್ನು ಹುಡುಕುತ್ತಿರುವುದೇ ತಪ್ಪು ಎಂಬುದು ನನ್ನ ವಾದ.

ಇಂಗ್ಲಿಷಿನಲ್ಲಿ ನೋಡುವವನು ಯಾವಾಗಲೂ ಕರ್ತೃ. ಅವನು ‘ಡಿಸರ್ನ್’ ಮಾಡುತ್ತಾನೆ, ‘ಪರ್ಸೀವ್’ ಮಾಡುತ್ತಾನೆ. ಕನ್ನಡದಲ್ಲಿ ಬೇಕೆಂದೇ ಮಾಡುವ ಕೆಲಸಕ್ಕೆ ಮಾತ್ರ ನೋಡುವವನು ಕರ್ತೃವಾಗುತ್ತಾನೆ: ನೋಡಿದೆ, ಗಮನಿಸಿದೆ, ಹುಡುಕಿದೆ. ತಾನಾಗಿ ಒದಗುವ ಅರಿವಿನಲ್ಲಿ ಅವನು ಚತುರ್ಥಿ ವಿಭಕ್ತಿಗೆ ಸರಿಯುತ್ತಾನೆ. ನನಗೆ ಕಾಣಿಸಿತು, ನನಗೆ ಗೊತ್ತಾಯಿತು, ನನಗೆ ತಿಳಿಯಿತು, ಹೊಳೆಯಿತು, ತೋಚಿತು, ಅನ್ನಿಸಿತು. ಇಲ್ಲಿ ಕೆಲಸ ಮಾಡುವುದು ಕಂಡ ವಸ್ತು. ನಾನು ಅದು ಬಂದು ಸೇರುವ ಜಾಗ ಮಾತ್ರ. ಇಂಗ್ಲಿಷಿನವರು ಧಾತುವನ್ನೇ ಬದಲಾಯಿಸಿ ಪಡೆಯುವ ಛಾಯೆಯನ್ನು ನಾವು ವಿಭಕ್ತಿಯಿಂದಲೂ ಕ್ರಿಯಾಪದದ ಬಾಲದಿಂದಲೂ ಪಡೆಯುತ್ತೇವೆ. ‘ಕಾಣು’ ಒಂದನ್ನೇ ನೋಡಿ. ‘ಕಂಡೆ’ ಎಂದರೆ ಎದುರಾದದ್ದು. ‘ಕಾಣಿಸಿತು’ ಎಂದರೆ ತಾನಾಗಿ ಕಣ್ಣಿಗೆ ಬಂದದ್ದು. ‘ಕಂಡುಬಂತು’ ಎಂದರೆ ಪರಿಶೀಲಿಸಿದ ಮೇಲೆ ಹೊರಬಿದ್ದದ್ದು. ಲೆಕ್ಕ ತಪಾಸಣೆಯವರಿಗೆ ಬಲು ಪ್ರಿಯವಾದ ರೂಪ. ‘ಕಂಡುಕೊಂಡೆ’ ಎಂದರೆ ಅನುಭವಿಸಿ ತಿಳಿದದ್ದು. ‘ಕಂಡುಹಿಡಿದೆ’ ಎಂದರೆ ಅಲ್ಲಿಯವರೆಗೆ ತಿಳಿಯದಿದ್ದುದನ್ನು ಹೊರತೆಗೆದದ್ದು. ಇದೊಂದು ಧಾತುವಿನ ಮನೆಯಲ್ಲಿ ‘ಪರ್ಸೀವ್’, ‘ಫೈಂಡ್’, ‘ರಿಯಲೈಸ್’, ‘ಡಿಸ್ಕವರ್’ ಎಲ್ಲರೂ ಬಾಡಿಗೆಗಿದ್ದಾರೆ.

ಅನುವಾದಗಳಲ್ಲಿ ನಾನು ಪದೇಪದೇ ನೋಡುವ ತಪ್ಪು ‘ಕುಡ್’ನಿಂದ ಬರುತ್ತದೆ. ‘ಐ ಕುಡ್ ಡಿಸರ್ನ್ ಎ ಶಿಪ್’ ಎಂಬುದನ್ನು ‘ನಾನು ಹಡಗೊಂದನ್ನು ಗ್ರಹಿಸಬಹುದಾಗಿತ್ತು’ ಎಂದು ಬರೆಯುತ್ತಾರೆ. ಇದನ್ನು ಓದಿದ ಕನ್ನಡಿಗ ‘ಹಾಗಾದರೆ ಏಕೆ ಗ್ರಹಿಸಲಿಲ್ಲ?’ ಎಂದು ಕೇಳುತ್ತಾನೆ. ಅಲ್ಲಿನ ‘ಕುಡ್’ ಸಾಧ್ಯತೆಯದಲ್ಲ; ಅರಿವು ಆ ಹೊತ್ತಿನಲ್ಲಿ ನಡೆಯುತ್ತಿತ್ತು ಎಂಬುದನ್ನು ಹೇಳುವ ರೀತಿ. ‘ಹಡಗೊಂದು ಮಸುಕುಮಸುಕಾಗಿ ಕಾಣುತ್ತಿತ್ತು’ ಎಂದರೆ ಮುಗಿಯಿತು; ‘ಡಿಸರ್ನ್’ನ ಮಬ್ಬು ಕ್ರಿಯಾವಿಶೇಷಣಕ್ಕೆ ಹೋಯಿತು, ‘ಕುಡ್’ ಕಾಲಸೂಚಕಕ್ಕೆ ಹೋಯಿತು, ‘ಐ’ ಮಾಯವಾಯಿತು.

ಕುಂದಾಪ್ರದವ

ಒಪ್ಪದವರ ವಾದವನ್ನು ನಾನು ಒಪ್ಪುತ್ತೇನೆ, ಆದರೆ ಒಂದು ಅಪವಾದವಿದೆ. ನಮ್ಮ ಕುಂದಗನ್ನಡದಲ್ಲಿ ‘ಕಾಣು’ ಎಂದರೆ ಬೇಕೆಂದೇ ನೋಡುವುದು. ‘ಇಲ್ಕಾಣಿ’ ಎಂದು ಕರೆದರೆ ಇಲ್ಲಿ ನೋಡಿ ಎಂದರ್ಥ. ಆದ್ದರಿಂದ ‘ಕಾಣು’ ತಾನಾಗಿ ಒದಗುವುದು, ‘ನೋಡು’ ಬೇಕೆಂದು ಮಾಡುವುದು ಎಂಬ ಗೆರೆ ಎಲ್ಲ ಕನ್ನಡಕ್ಕೂ ಒಂದೇ ಅಲ್ಲ. ಮೈಸೂರಿನ ಕಡೆಯ ಅನುವಾದಕರು ನಮ್ಮೂರಿನ ನಾವಿಕನಿಗೆ ಮಾತು ಬರೆಯುವಾಗ ಇದನ್ನು ನೆನಪಿಟ್ಟುಕೊಳ್ಳಬೇಕು.

ಮೊರದ ಮಗಳು

‘ತಿಳಿ’ಯನ್ನು ಯಾರೂ ಮುಟ್ಟಲಿಲ್ಲ. ತಿಳಿನೀರು, ತಿಳಿಸಾರು, ತಿಳಿಯಾದ ಆಕಾಶ, ತಿಳಿದವರು, ಎಲ್ಲದರಲ್ಲಿಯೂ ಒಂದೇ ಪದವಿದೆ. ಕದಡಿದ ನೀರನ್ನು ಯಾರೂ ಜರಡಿ ಹಿಡಿಯುವುದಿಲ್ಲ. ಕೈ ಹಾಕದೆ ಬಿಡಬೇಕು, ಮಣ್ಣು ತಳಕ್ಕೆ ಕೂತ ಮೇಲೆ ಮೇಲಿನದು ತಿಳಿಯಾಗುತ್ತದೆ. ನೀರಿಗೂ ಅರಿವಿಗೂ ಒಂದೇ ಪದ ಸಲ್ಲುವುದರಿಂದಲೇ ‘ನನಗೆ ತಿಳಿಯಿತು’ ಎನ್ನುವಾಗ ನಾವು ಏನನ್ನೂ ಮಾಡಿರುವುದಿಲ್ಲವೋ ಏನೋ. ‘ವಿವೇಚಿಸು’ ಎನ್ನುವಲ್ಲಿ ಮೊರ ಹಿಡಿದ ಕೈ ಇದೆ. ‘ತಿಳಿ’ಯುವಲ್ಲಿ ಕಾಯುವ ಕೊಡವಿದೆ. ಮಂಜು ಕರಗುವವರೆಗೆ ಕಾಯುತ್ತಾ ನಿಂತ ನಾವಿಕನಿಗೆ ಎರಡನೆಯದೇ ಸರಿ ಎಂದು ನನಗನ್ನಿಸುತ್ತದೆ.

ಹಾಳೆಯಂಚು

ಎಲ್ಲರಿಗೂ ಧನ್ಯವಾದ. ನಿನ್ನೆ ರಾತ್ರಿ ಕೂತು ಮತ್ತೆ ಬರೆದೆ. ಈಗಿನ ರೂಪ ಹೀಗಿದೆ:

‘ಮಂಜು ಒಂದು ಕಡೆ ಉಳಿದೆಡೆಗಿಂತ ಕಪ್ಪಾಗಿದೆ ಎಂದು ಅವನಿಗೆ ಅನ್ನಿಸಿತು. ರೆಪ್ಪೆ ಅಲುಗಿಸದೆ ನೋಡುತ್ತ ನಿಂತ. ಕಪ್ಪಿನೊಳಗಿಂದ ಒಂದು ಆಕಾರ ಮಸುಕುಮಸುಕಾಗಿ ಮೂಡಿತು. ಬಹಳ ಹೊತ್ತಿನ ಮೇಲೆ ಪಟಕಂಬಗಳೆಂದು ಹೇಳಬಹುದಾದ ಮೂರು ಗೆರೆಗಳು ಕಣ್ಣಿಗೆ ಹತ್ತಿದವು. ಬದಿಯಲ್ಲಿ ಫಿರಂಗಿಯ ಕಿಂಡಿಗಳಿರಲಿಲ್ಲ. ಸರಕಿನ ಹಡಗು, ಯುದ್ಧದ್ದಲ್ಲ. ಮೂತಿಯ ಮರದ ಗೊಂಬೆ ಮಂಜಿನಿಂದ ಹೊರಬಂದಾಗ ಅವನಿಗೆ ಗುರುತು ಹತ್ತಿತು. ಎರಡು ವರ್ಷ ಅವನೇ ಬಣ್ಣ ಬಳಿದಿದ್ದ ಗೊಂಬೆ ಅದು.’

‘ಡಿಸ್ಟಿಂಗ್ವಿಶ್’ಗೆ ಕ್ರಿಯಾಪದವನ್ನೇ ಬಳಸಿಲ್ಲ. ಮೇಷ್ಟ್ರು ಹೇಳಿದಂತೆ ಆ ಕೆಲಸವನ್ನು ಗುರುತಿಗೇ, ಅಂದರೆ ಇಲ್ಲದ ಕಿಂಡಿಗಳಿಗೆ, ಒಪ್ಪಿಸಿದೆ. ‘ಗುರುತು’ ಇಡೀ ಪ್ಯಾರಾದಲ್ಲಿ ಒಂದೇ ಸಲ ಬಂದಿದೆ, ಅದೂ ಪರಿಚಯವಿದ್ದಲ್ಲಿ.

ಒಪ್ಪದವ

‘ಹೇಳಬಹುದಾದ’ ಎಂಬಲ್ಲಿ ‘ಕುಡ್’ ಇನ್ನೂ ಅವಿತುಕೊಂಡಿದೆ. ‘ಪಟಕಂಬಗಳಿರಬೇಕು, ಮೂರು ಗೆರೆಗಳು ಕಣ್ಣಿಗೆ ಹತ್ತಿದವು’ ಎಂದು ಮಾಡಿ. ಉಳಿದದ್ದಕ್ಕೆ ತಕರಾರಿಲ್ಲ.

ಹಳೇ ಮೇಷ್ಟ್ರು

ಒಪ್ಪದವರೂ ಒಪ್ಪಿದ ಮೇಲೆ ನಾನು ಹೇಳುವುದೇನಿದೆ? ‘ರೆಪ್ಪೆ ಅಲುಗಿಸದೆ’ ಬದಲು ‘ಎವೆಯಿಕ್ಕದೆ’ ಹಾಕಿ ನೋಡಿ. ಹಳೆಯ ಬರಹವೆಂದಿರಲ್ಲ, ಆ ಕಾಲದವನಿಗೆ ಅದು ಒಪ್ಪುತ್ತದೆ.

ಹಾಳೆಯಂಚು

ಎರಡನ್ನೂ ತಿದ್ದಿದ್ದೇನೆ. ಪೆನ್ಸಿಲಿನ ಹಿರಿಯರಿಗೆ ಪ್ರತಿ ಇಂದು ಸಂಜೆ ಹೋಗುತ್ತದೆ. ಮುಂದಿನ ಪುಟದಲ್ಲಿ ಇದೇ ಕಾವಲುಗಾರ ಕತ್ತಲಿನಲ್ಲಿ ನಿಂತು ಗಂಟೆಯ ಸದ್ದುಗಳನ್ನು ಕೇಳುತ್ತಾನೆ, ಅಲ್ಲಿಯೂ ಇದೇ ಐದು ಕ್ರಿಯಾಪದಗಳಿವೆ. ‘ಕಾಣು’ವಿನ ಕಡೆ ಇಷ್ಟು ಬಾಲಗಳು ಸಿಕ್ಕಂತೆ ‘ಕೇಳು’ವಿನ ಕಡೆ ಸಿಗುತ್ತವೆಯೇ ಎಂದು ಹುಡುಕುತ್ತಿದ್ದೇನೆ. ‘ಕೇಳಿಸಿತು’, ‘ಕೇಳಿಬಂತು’, ‘ಕೇಳಿಸಿಕೊಂಡ’ ಇವೆ. ‘ಕೇಳಿಹಿಡಿದ’ ಎನ್ನಲು ಬರುವುದಿಲ್ಲ.

ಕುಂದಾಪ್ರದವ

‘ಕಿವಿಗೆ ಬಿತ್ತು’ ಬಿಟ್ಟಿರಿ.